ಅಜವಾನದ ಡಬ್ಬಿ, ಮೂರು ದಿನದ ಲೆಕ್ಕ

ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದುಕೊಂಡು ಬಂದಳು. ಅದರಲ್ಲಿ ಒಬ್ಬರು ಜೋರಾಗಿ ಹೇಳುತ್ತಿದ್ದರು: ಆಸ್ಪತ್ರೆಗೆ ಹೋಗಲೇಬೇಡಿ, ಎಲ್ಲ ರೋಗಕ್ಕೂ ನಿಮ್ಮ ಅಡುಗೆ ಮನೆಯಲ್ಲೇ ಮದ್ದು ಇದೆ. "ಅಕ್ಕಾ, ನೀವೂ ಹಿಂಗೇ ಮಾಡ್ತೀರಲ್ಲ?" ಅಂತ ಕೇಳಿದಳು. ಹೌದು ಅನ್ನಲು ಮನಸ್ಸು ಬರಲಿಲ್ಲ, ಇಲ್ಲ ಅಂದರೆ ಸುಳ್ಳಾಗುತ್ತಿತ್ತು. ಒಲೆಯ ಮೇಲೆ ರೊಟ್ಟಿಗೆ ಎಸರು ಕುದಿಯುತ್ತಿತ್ತು. ಅವಳಿಗೆ ಆಗ ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾನು ಹುಟ್ಟಿ ಬೆಳೆದದ್ದು ಕಲಬುರಗಿ ಪಟ್ಟಣದಲ್ಲಿ. ಮದುವೆಯಾಗಿ ಸೇಡಂ ತಾಲ್ಲೂಕಿನ ಈ ಸಣ್ಣ ಊರಿಗೆ ಬಂದು 14 ವರ್ಷ ಆಯಿತು. ಬಂದ ಹೊಸದರಲ್ಲಿ ತಲೆ ನೋವು ಬಂದರೆ ಮಾತ್ರೆ ಹುಡುಕುತ್ತಿದ್ದೆ. ನಮ್ಮ ಅತ್ತಿ "ಮೊದಲ ಒಂದು ಚರಗಿ ನೀರು ಕುಡಿ, ಆಮ್ಯಾಲ ನೋಡೋಣು" ಅನ್ನುತ್ತಿದ್ದರು. ಎಷ್ಟೋ ಸಲ ಆ ನೀರಿಗೇ ನೋವು ಹೋಗುತ್ತಿತ್ತು. ಬಿಸಿಲಲ್ಲಿ ಓಡಾಡಿ ನೀರು ಕುಡಿಯದೇ ಇದ್ದದ್ದೇ ಕಾರಣ ಅಂತ ನನಗೆ ಅರ್ಥ ಆಗಲು ಎರಡು ಬೇಸಿಗೆ ಬೇಕಾಯಿತು.

ಅತ್ತಿಯ ಅಡುಗೆ ಮನೆಯ ಗೋಡೆಯ ಗೂಡಿನಲ್ಲಿ ಒಂದು ಹಿತ್ತಾಳೆ ಡಬ್ಬಿ ಇದೆ. ಅದರೊಳಗೆ ಅಜವಾನ ಅಂದರೆ ಓಂಕಾಳು, ಮೆಂತ್ಯ, ಒಣ ಶುಂಠಿ, ನಾಲ್ಕು ಲವಂಗ, ಒಂದು ಅರಿಶಿಣ ಕೊಂಬು. ಇಷ್ಟೇ. ಇದಕ್ಕಿಂತ ಜಾಸ್ತಿ ಯಾವತ್ತೂ ಇರಲಿಲ್ಲ. ಹೊಟ್ಟೆ ಉಬ್ಬರಿಸಿದೆ ಅಂದರೆ ಚಿಟಿಕೆ ಅಜವಾನ ಅಂಗೈಗೆ ಹಾಕಿಕೊಂಡು, ಇನ್ನೊಂದು ಕೈಯಿಂದ ತಿಕ್ಕಿ, ಹೊಟ್ಟು ಊದಿ, ಎರಡು ಹರಳು ಉಪ್ಪು ಸೇರಿಸಿ ನಮ್ಮ ಕೈಗೆ ಹಾಕುತ್ತಿದ್ದರು. ತಿಕ್ಕುವಾಗಲೇ ಘಮ ಮೂಗಿಗೆ ಬಡಿಯುತ್ತೆ. ಮಕ್ಕಳಿಗೆ ನೆಗಡಿಯಾದರೆ ಅದೇ ಅಜವಾನವನ್ನು ಹಂಚಿನ ಮೇಲೆ ಹುರಿದು, ಹಳೆ ಸೀರೆಯ ಮೆತ್ತನೆ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದರು. ಮೊದಲು ಆ ಗಂಟನ್ನು ತಮ್ಮ ಕೆನ್ನೆಗೆ ಇಟ್ಟು ನೋಡುತ್ತಿದ್ದರು. ಬಿಸಿ ಜಾಸ್ತಿ ಅನ್ನಿಸಿದರೆ ಕಾಯುತ್ತಿದ್ದರು. ಆಮೇಲೇ ಕೂಸಿನ ಎದೆಗೆ, ಬೆನ್ನಿಗೆ. ಈ ಕೆನ್ನೆಗೆ ಇಟ್ಟು ನೋಡುವುದನ್ನು ಮೊಬೈಲಿನಲ್ಲಿ ಯಾರೂ ತೋರಿಸುವುದಿಲ್ಲ.

ಅತ್ತಿ ಮದ್ದು ಕೊಡುವಾಗ ಜೊತೆಗೆ ಒಂದು ಗಡುವನ್ನೂ ಕೊಡುತ್ತಿದ್ದರು. ನೆಗಡಿ ಕೆಮ್ಮಿಗೆ ಮೂರು ದಿನ. ದೊಡ್ಡವರ ಹೊಟ್ಟೆ ಕೆಟ್ಟರೆ ಒಂದು ದಿನ. ಕೂಸಿಗೆ ಅಷ್ಟೂ ಇಲ್ಲ. ಎದೆ ನೋವು, ಉಸಿರು ಸಿಗದೇ ಇರುವುದು, ರಕ್ತ ಬೀಳುವುದು, ಇವಕ್ಕೆ ಡಬ್ಬಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. "ಇದು ಮನಿ ಮದ್ದಿನ ಕೆಲಸ ಅಲ್ಲ" ಅನ್ನುತ್ತಿದ್ದರು. ಆಗ ನನಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ.

2016ರ ಮೇ ತಿಂಗಳು. ನನ್ನ ಮಗನಿಗೆ ಒಂದೂವರೆ ವರ್ಷ. ರಾತ್ರಿಯಿಂದ ಭೇದಿ ಶುರುವಾಯಿತು, ಬೆಳಿಗ್ಗೆ ವಾಂತಿಯೂ ಸೇರಿತು. ಅತ್ತಿ ಹೊಲಕ್ಕೆ ಹೋಗಿದ್ದರು. ನಾನು ಅಷ್ಟೊತ್ತಿಗೆ ಹಳ್ಳಿ ಜೀವನ, ಮನೆ ಮದ್ದು ಅಂತ ಪೂರ್ತಿ ನಂಬಿಬಿಟ್ಟಿದ್ದೆ. ದಾಳಿಂಬೆ ಸಿಪ್ಪೆ ಕುದಿಸಿ ಚಮಚ ಚಮಚ ಕುಡಿಸಿದೆ. ಕೂಸು ಸುಮ್ಮನಾಯಿತು. ನಿದ್ದೆ ಬಂತು, ಆರಾಮ ಆಗ್ತಿದೆ ಅಂದುಕೊಂಡೆ. ಮಧ್ಯಾಹ್ನ ಅತ್ತಿ ಬಂದವರು ಸೆರಗಿನಿಂದ ಮುಖ ಒರೆಸಿಕೊಂಡು ನೇರ ತೊಟ್ಟಿಲ ಹತ್ತಿರ ಹೋದರು. ಎಷ್ಟು ಸಲ ಭೇದಿ ಆಯಿತು ಅಂತ ಕೇಳಲಿಲ್ಲ. ಏನು ಕೊಟ್ಟೆ ಅಂತಲೂ ಕೇಳಲಿಲ್ಲ.

"ಕೂಸು ಉಚ್ಚಿ ಹೊಯ್ದು ಎಷ್ಟೊತ್ತಾಯ್ತು?"

ನನಗೆ ನೆನಪೇ ಬರಲಿಲ್ಲ. ಲೆಕ್ಕ ಹಾಕಿದರೆ ಮುಂಜಾನೆಯಿಂದ ಇಲ್ಲ. ಅತ್ತಿ ಕೂಸಿನ ಹೊಟ್ಟೆಯ ತೊಗಲನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಅದು ತಟ್ಟನೆ ಹಿಂದೆ ಹೋಗಲಿಲ್ಲ, ಮಡಿಕೆ ಹಾಗೇ ಒಂದು ಗಳಿಗೆ ನಿಂತಿತು. ಕೂಸು ಬಾಯಿ ತೆರೆದು ಅತ್ತಿತು, ಕಣ್ಣಲ್ಲಿ ನೀರಿಲ್ಲ. "ದವಾಖಾನಿಗಿ ನಡಿ ಯವ್ವಾ, ಈಗಿಂದೀಗ" ಅಂದರು. ಯಜಮಾನರು ಬೈಕ್ ತೆಗೆದರು. ತಾಲ್ಲೂಕು ಆಸ್ಪತ್ರೆಗೆ 18 ಕಿಲೋಮೀಟರ್. ದಾರಿಯುದ್ದಕ್ಕೂ ಒದ್ದೆ ಬಟ್ಟೆ ಹೊದಿಸಿಕೊಂಡು ಎದೆಗೆ ಒತ್ತಿ ಹಿಡಿದಿದ್ದೆ. ಸಲೈನ್ ಹಾಕಿದ ಮೇಲೆ ಸಂಜೆ ಐದರ ಹೊತ್ತಿಗೆ ಕೂಸು ಹಾಸಿಗೆ ಒದ್ದೆ ಮಾಡಿತು. ನಾನು ಆ ಹಾಸಿಗೆಯ ಮೇಲೇ ತಲೆ ಇಟ್ಟು ಅತ್ತೆ.

ಆವತ್ತು ಡಾಕ್ಟರ್ ನನ್ನನ್ನು ಬೈಯಲಿಲ್ಲ. ಕೂರಿಸಿಕೊಂಡು ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು ಸಕ್ಕರೆಯ ನೀರಿನ ಬಗ್ಗೆ ಹೇಳಿದರು. ಪ್ಯಾಕೆಟ್ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಸಮ ಮಾಡಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ಸಕ್ಕರೆ ಮತ್ತು ಉಪ್ಪು ಜೊತೆಗೆ ಹೋದರೆ ಕರುಳು ಎರಡನ್ನೂ ಎಳೆದುಕೊಳ್ಳುತ್ತೆ, ಅದರ ಹಿಂದೆ ನೀರೂ ಒಳಗೆ ಹೋಗುತ್ತೆ. ಇದು ಮನೆ ಮದ್ದಲ್ಲದೆ ಇನ್ನೇನು ಹೇಳಿ? 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೇ ಹೋದಾಗ, ಬಂಗಾಳದ ಡಾ. ದಿಲೀಪ್ ಮಹಲನಾಬಿಸ್ ಇಂಥದ್ದೇ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಸಾವು ಬಹಳ ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ನಮ್ಮ ಅಡುಗೆ ಮನೆಯ ಎರಡು ಡಬ್ಬಿಗಳನ್ನು ಔಷಧ ಮಾಡಿದ ಆ ಮನುಷ್ಯನ ಹೆಸರು ಪ್ರತಿ ತಾಯಿಗೂ ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತೆ.

ಆ ದಿನದ ನಂತರ ನಾನು ಅತ್ತಿಯನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಡಬ್ಬಿಯಲ್ಲಿ ಏನಿದೆ ಅನ್ನುವುದು ಯಾರಿಗಾದರೂ ಒಂದು ಗಂಟೆಯಲ್ಲಿ ಬರುತ್ತೆ. ಡಬ್ಬಿ ಯಾವಾಗ ಮುಚ್ಚಬೇಕು ಅನ್ನುವುದಕ್ಕೆ ಐದು ಮಕ್ಕಳನ್ನು ಸಾಕಿ ಬೆಳೆಸಬೇಕು.

ಇನ್ನೊಂದು ಮಾತು. ಅತ್ತಿಯ ಆರೋಗ್ಯದ ಗುಟ್ಟು ಆ ಡಬ್ಬಿಯಲ್ಲಿ ಇದ್ದದ್ದು ಕಡಿಮೆ, ದಿನ ಕಳೆಯುವ ರೀತಿಯಲ್ಲಿ ಇದ್ದದ್ದೇ ಜಾಸ್ತಿ. ನಮ್ಮ ಕಡೆ ಬೇಸಿಗೆ ಅಂದರೆ ನಿಮಗೆ ಗೊತ್ತಲ್ವಾ? ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಬದಲಿಸುತ್ತಾರೆ. ಒಕ್ಕಲುತನದ ಮನೆಗಳಲ್ಲಿ ಇದು ಮೊದಲಿನಿಂದಲೂ ಇದೆ. ನಸುಕಿನಲ್ಲಿ ಹೊಲ, ಹತ್ತಕ್ಕೆ ಮನೆ, ಬಿಸಿಲು ಇಳಿದ ಮೇಲೆ ಮತ್ತೆ ಹೊಲ. ನಮ್ಮ ಹಳೆ ಮನೆಯ ಗೋಡೆ ಎರಡು ಅಡಿ ದಪ್ಪ, ನೆಲಕ್ಕೆ ಶಹಾಬಾದಿ ಪರಸಿ ಕಲ್ಲು, ಮೇಲೆ ಮಣ್ಣಿನ ಮಾಳಿಗೆ. ಮಧ್ಯಾಹ್ನ ಆ ಪರಸಿ ಮೇಲೆ ಬರಿ ಬೆನ್ನಲ್ಲಿ ಮಲಗಿದರೆ ಫ್ಯಾನ್ ಬೇಕಾಗುವುದಿಲ್ಲ. ಪಕ್ಕದಲ್ಲೇ ನಾವು ಕಟ್ಟಿಸಿದ ಸ್ಲ್ಯಾಬಿನ ಕೋಣೆ ರಾತ್ರಿ ಹನ್ನೊಂದಕ್ಕೂ ಬಿಸಿಯಾಗೇ ಇರುತ್ತೆ. ಅದನ್ನು ಕಟ್ಟಿಸಬೇಕು ಅಂತ ಹಟ ಹಿಡಿದವಳು ನಾನೇ. ಈಗ ಬೇಸಿಗೆಯಲ್ಲಿ ಎಲ್ಲರೂ ಹಳೆ ಪಡಸಾಲೆಗೇ ಬರುತ್ತೇವೆ.

ಪಡಸಾಲೆಯ ಮೂಲೆಯಲ್ಲಿ ಉಸುಕಿನ ಮೇಲೆ ಹರವಿ, ಅಂದರೆ ನೀರಿನ ಮಣ್ಣಿನ ಗಡಿಗೆ, ಕೂತಿರುತ್ತೆ. ಮಣ್ಣಿನ ಸಣ್ಣ ಸಣ್ಣ ರಂಧ್ರದಿಂದ ನೀರು ಹೊರಗೆ ಜಿನುಗಿ ಆರುತ್ತೆ, ಆರುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತೆ. ನಮ್ಮದು ಒಣ ಬಿಸಿಲು, ಹಾಗಾಗಿ ಇಲ್ಲಿ ಹರವಿ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಕರಾವಳಿಯ ಜಿಗುಟು ಸೆಕೆಯಲ್ಲಿ ಇಷ್ಟು ತಣ್ಣಗಾಗುವುದಿಲ್ಲ. ರಂಧ್ರ ಕಟ್ಟಿಕೊಂಡರೆ ಹರವಿಯೂ ಸೋಲುತ್ತೆ, ಅದಕ್ಕೇ ಅತ್ತಿ ಪ್ರತಿ ಯುಗಾದಿಗೆ ಕುಂಬಾರರ ಮನೆಯಿಂದ ಹೊಸದು ತರಿಸುತ್ತಾರೆ. ಹಳೆಯದರಲ್ಲಿ ಕಾಳು ತುಂಬುತ್ತಾರೆ, ಒಣಗಿಸಿದ ಬೇವಿನ ಎಲೆ ಹಾಕಿ.

ಊಟದ ಬಗ್ಗೆ ಬರೆಯಲು ಹೋದರೆ ಮುಗಿಯುವುದಿಲ್ಲ. ರಾತ್ರಿ ಜೋಳದ ಹಿಟ್ಟು ನೆನೆಸಿಟ್ಟು ಬೆಳಿಗ್ಗೆ ಕಾಯಿಸಿದ ಅಂಬಲಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ. ಬೆವರಿ ಬಂದವರಿಗೆ ನೀರು, ಉಪ್ಪು, ಶಕ್ತಿ ಮೂರೂ ಒಂದೇ ಲೋಟದಲ್ಲಿ. ಜ್ವರ ಬಂದು ಬಾಯಿ ಕೆಟ್ಟವರಿಗೆ ತೊಗರಿ ಕಟ್ಟಿನ ಸಾರು. ಬೇಳೆ ಬೇಯಿಸಿದ ನೀರು ಬಸಿದು, ಬೆಳ್ಳುಳ್ಳಿ ಜಜ್ಜಿ ಹಾಕಿ, ಮೆಣಸಿನ ಪುಡಿ ಸ್ವಲ್ಪ ಮುಂದಾಗಿ ಕುದಿಸಬೇಕು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು ಅಂತ ಪೇಪರಿನಲ್ಲಿ ಬಂದಾಗ ಅತ್ತಿಗೆ ಓದಿ ಹೇಳಿದೆ. "ಅದರ ರುಚಿ ಅವರಿಗಿ ಈಗ ಗೊತ್ತಾಯ್ತೇನು?" ಅಂದರು.

ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಅತ್ತಿ 20 ವರ್ಷ ಮಿಶ್ರಿ ತಿಕ್ಕುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಿಶ್ರಿ ಅಂದರೆ ಸುಟ್ಟ ತಂಬಾಕಿನ ಪುಡಿ. ಹಲ್ಲು ನೋವಿಗೆ ಒಳ್ಳೆಯದು ಅಂತ ಯಾರೋ ಹೇಳಿ ಶುರುವಾಗಿ ಚಟವಾಗಿತ್ತು. ಊರಿಗೆ ಬಂದ ಆರೋಗ್ಯ ಶಿಬಿರದಲ್ಲಿ ಅವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು, ಹೀಗೇ ಬಿಟ್ಟರೆ ಕ್ಯಾನ್ಸರ್ ಆಗಬಹುದು ಅಂದರು. ಅವತ್ತೇ ಮಿಶ್ರಿ ಡಬ್ಬಿಯನ್ನು ತಿಪ್ಪೆಗೆ ಎಸೆದರು. ಹಲ್ಲು ನೋವಿಗೆ ಈಗ ಲವಂಗ. ಅದು ಜೋಮು ಹಿಡಿಸಿ ಒಂದು ರಾತ್ರಿ ನಿದ್ದೆ ಕೊಡುತ್ತೆ, ಹುಳುಕನ್ನು ವಾಸಿ ಮಾಡುವುದಿಲ್ಲ. ಮರುದಿನ ಹಲ್ಲಿನ ಡಾಕ್ಟರ್ ಹತ್ತಿರ ಹೋಗಲೇಬೇಕು.

ಕಾಮಾಲೆಗೆ ಎಲೆ ರಸ ಕುಡಿಸುವುದು ನಮ್ಮ ಕಡೆ ಬಹಳ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ. ಒಳ್ಳೆ ಹೆಸರು ಮಾತ್ರ ಆ ಎಲೆಗೆ ಹೋಗುತ್ತೆ. ಆದರೆ ಕಾಮಾಲೆಗೆ ಬೇರೆ ಕಾರಣಗಳೂ ಇರುತ್ತವೆ, ಅವನ್ನು ರಕ್ತ ಪರೀಕ್ಷೆ ಹೇಳಬೇಕೇ ಹೊರತು ಕಣ್ಣಿನ ಬಣ್ಣ ಹೇಳುವುದಿಲ್ಲ. ನಮ್ಮ ಸಂಬಂಧಿಕರೊಬ್ಬರು ಎರಡು ತಿಂಗಳು ರಸ ಕುಡಿದು ಆಮೇಲೆ ಪರೀಕ್ಷೆ ಮಾಡಿಸಿದರು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಬದುಕಿಕೊಂಡರು, ಆದರೆ ಆ ಎರಡು ತಿಂಗಳು ಪಟ್ಟ ಪಾಡು ನಾನು ಕಣ್ಣಾರೆ ಕಂಡಿದ್ದೇನೆ.

ಹಾವಿನ ವಿಷಯದಲ್ಲಂತೂ ಕೈಮುಗಿದು ಕೇಳಿಕೊಳ್ಳುತ್ತೇನೆ. ತೊಗರಿ ಕೊಯ್ಯುವಾಗ, ಕಣಕಿ ಅಂದರೆ ಜೋಳದ ಒಣ ದಂಟು ಎತ್ತುವಾಗ ಕಾಲ ಕೆಳಗೆ ಏನಿದೆ ಕಾಣುವುದಿಲ್ಲ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಬೇವು ತಿನ್ನಿಸಿ ಕಹಿ ಹತ್ತುತ್ತಾ ಅಂತ ನೋಡುತ್ತಾ ಕೂರಬೇಡಿ. ಕಾಲು ಅಲುಗಾಡಿಸದೆ ಗಾಡಿಯಲ್ಲಿ ಮಲಗಿಸಿ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ನಾಗರಹಾವು, ಕಟ್ಟುಹಾವು, ಎರಡು ಜಾತಿಯ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಇಂಜೆಕ್ಷನ್ ಇದೆ. ಅದಕ್ಕೆ ಬದಲಿ ಯಾವ ಗಿಡದಲ್ಲೂ ಇಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬೇಡಿ, ಅದರಲ್ಲಿ ಇರಬಹುದಾದ ಒಂದು ರೋಗಾಣು ಎಳೆ ಕರುಳಲ್ಲಿ ಬೆಳೆದರೆ ಕೂಸಿಗೆ ಅಪಾಯ. ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆಗೆ ಬರೆ ಹಾಕುವುದು ಇನ್ನೂ ಅಲ್ಲಲ್ಲಿ ಇದೆ. ಅದನ್ನು ಮದ್ದು ಅಂತ ಕರೆಯಲು ನನ್ನ ಬಾಯಿ ಬರುವುದಿಲ್ಲ.

ಈಗ ನಿಜವಾಗಿ ಸಿಟ್ಟು ಬರುವ ವಿಷಯ. ಅತ್ತಿಯ ಡಬ್ಬಿಯ ಸಾಮಾನೆಲ್ಲ ಸಂತೆಯಲ್ಲಿ ನೂರು ರೂಪಾಯಿ ಒಳಗೆ ಬರುತ್ತೆ. ಅದೇ ಸಾಮಾನನ್ನು ಪುಡಿ ಮಾಡಿ, ಚಂದದ ಬಾಟಲಿಗೆ ತುಂಬಿ, ಹಳ್ಳಿ ಅಜ್ಜಿಯ ಚಿತ್ರ ಅಂಟಿಸಿ ಐದಾರು ನೂರಕ್ಕೆ ಮಾರುತ್ತಾರೆ. ಸಕ್ಕರೆ ಕಾಯಿಲೆ ಬೇರು ಸಮೇತ ಹೋಗುತ್ತೆ ಅಂತ ಮೇಲೆ ಬರೆದಿರುತ್ತಾರೆ. ನಮ್ಮ ಓಣಿಯ ಒಬ್ಬ ಹಿರಿಯರು ಅದನ್ನು ನಂಬಿ ದಿನದ ಗುಳಿಗೆ ಬಿಟ್ಟರು. ಕಾಲಿನ ಗಾಯ ಮಾಯಲಿಲ್ಲ, ಕೊನೆಗೆ ಬೆರಳು ತೆಗೆಸಬೇಕಾಯಿತು. ಸರಳ ಜೀವನ ಅನ್ನುವುದು ಬಾಟಲಿಯಲ್ಲಿ ಬರುವುದಿಲ್ಲ ಕಣ್ರೀ. ಮೆಂತ್ಯ ತಿನ್ನಲಿ, ಬೇಡ ಅನ್ನಲ್ಲ. ಗುಳಿಗೆ ಜೊತೆಗೆ ತಿನ್ನಲಿ, ಡಾಕ್ಟರಿಗೆ ಹೇಳಿ ತಿನ್ನಲಿ.

ಅತ್ತಿಗೆ ಈಗ 74. ಕೈ ನಡುಗುತ್ತೆ, ರೊಟ್ಟಿ ಬಡಿಯಲು ಆಗುವುದಿಲ್ಲ, ಆದರೆ ಹಿಟ್ಟು ನಾದುವುದು ಸರಿಯಾಯಿತಾ ಅಂತ ಕೂತಲ್ಲಿಂದಲೇ ಸದ್ದು ಕೇಳಿ ಹೇಳುತ್ತಾರೆ. ಬಿಪಿ ಗುಳಿಗೆ ತಪ್ಪಿಸುವುದಿಲ್ಲ. ಅದನ್ನೂ ಅದೇ ಹಿತ್ತಾಳೆ ಡಬ್ಬಿಯಲ್ಲಿ, ಅಜವಾನದ ಪಕ್ಕ ಇಟ್ಟುಕೊಂಡಿದ್ದಾರೆ.

ನಾನು ಒಂದು ನೋಟ್‌ಬುಕ್ ಮಾಡಿದ್ದೇನೆ. ಪುಟದ ಎಡಕ್ಕೆ ಅತ್ತಿ ಹೇಳಿದ ಮದ್ದು, ಬಲಕ್ಕೆ ಎಷ್ಟು ಹೊತ್ತು ಕಾಯಬಹುದು, ಏನು ಕಂಡರೆ ಎದ್ದು ಹೊರಡಬೇಕು. ಎಡಗಡೆ ಬೇಗ ತುಂಬಿತು. ಬಲಗಡೆ ಇನ್ನೂ ಬಹಳ ಖಾಲಿ ಇದೆ, ಪ್ರತಿ ಸಂಜೆ ಕೇಳಿ ಕೇಳಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಆಯಿ, ಅವ್ವ, ಅತ್ತಿ ಏನು ಕೊಡುತ್ತಿದ್ದರು ಅಂತ ಕೆಳಗೆ ಬರೆಯಿರಿ. ಎಷ್ಟು ದಿನ ನೋಡುತ್ತಿದ್ದರು ಅನ್ನುವುದನ್ನು ಮಾತ್ರ ಮರೆಯಬೇಡಿ. ಆ ಹುಡುಗಿಗೂ ಈ ಬರಹ ಕಳಿಸಿದ್ದೇನೆ. ಅವಳು ಈಗ ಏಳು ತಿಂಗಳ ಬಸುರಿ.