ಸ್ಕಾಲರ್‌ಶಿಪ್ ಅಲ್ಲ, ಸಂಬಳದ ಕೆಲಸ

ಯುರೋಪಿನಲ್ಲಿ ಪಿಎಚ್‌ಡಿ ಮಾಡುವ ಬಗೆಗಿನ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಅಲ್ಲಿನ ಮೇರಿ ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್ ಅನ್ನು, ಅಂದರೆ ಹಲವು ದೇಶಗಳ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಸೇರಿ ನಡೆಸುವ ಪಿಎಚ್‌ಡಿ ಯೋಜನೆಯನ್ನು, ಸ್ಕಾಲರ್‌ಶಿಪ್ ಎಂದಿದ್ದೀರಿ. ಅದು ಸಂಬಳದ ಕೆಲಸ. ಪಿಎಚ್‌ಡಿ ಮಾಡುವವರ ಕೈಗೆ ಕೆಲಸದ ಕರಾರು ಬರುತ್ತದೆ, ತೆರಿಗೆಯೂ ಕಟ್ ಆಗುತ್ತದೆ.

ಇನ್ನೊಂದು ನಿಯಮ ಬಿಟ್ಟುಹೋಗಿದೆ. ಸೇರುವ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ, ಕೆಲಸ ಇರುವ ದೇಶದಲ್ಲೇ ಇದ್ದವರಿಗೆ ಅಲ್ಲಿ ಅವಕಾಶವಿಲ್ಲ. ಜರ್ಮನಿಯಲ್ಲಿ ಎಂಎಸ್ಸಿ ಮುಗಿಸಿದ ನಮ್ಮ ಅಕ್ಕನ ಮಗಳು ಇದಕ್ಕೇ ನೆದರ್‌ಲ್ಯಾಂಡ್ಸ್‌ಗೆ ಹೋಗಬೇಕಾಯಿತು. ಆಗ ಚೆನ್ನಾಗಿ ಬೈದುಕೊಂಡಿದ್ದಳು! ಈಗ ನೆಟ್‌ವರ್ಕ್‌ನಲ್ಲಿರುವ ಕಂಪನಿಯೊಂದರಲ್ಲಿ ನಾಲ್ಕು ತಿಂಗಳು ಇದ್ದು ಬಂದಿದ್ದಾಳೆ. ಲ್ಯಾಬಿನಲ್ಲಿ ಬೀಕರ್‌ನಷ್ಟು ಮಾಡಿದ್ದನ್ನು ಅಲ್ಲಿ ಡ್ರಮ್ಮುಗಟ್ಟಲೆ ಮಾಡುವಾಗ ಲೆಕ್ಕವೆಲ್ಲ ತಲೆಕೆಳಗಾಯಿತಂತೆ. ಲ್ಯಾಬಿನಲ್ಲಿ ಕಲಿತದ್ದು ಕಂಪನಿಗೆ ದಾಟುವ ಜ್ಞಾನ ವರ್ಗಾವಣೆ ಅಂದರೆ ಇದೇ ಅಲ್ವಾ? ಊರು ಬದಲಾದಾಗಲೆಲ್ಲ ಬಾಡಿಗೆ ಮನೆ ಹುಡುಕುವ ಪಾಡು ಮಾತ್ರ ತಪ್ಪಿಲ್ಲ, ಪಾಪ.