ರೋಗದ ಮ್ಯಾಪ್ ಬರೆದ್ರೆ ಮೈಬಣ್ಣದ ತಾರತಮ್ಯ ಹೋಗುತ್ತಾ?

ಪರ

ಫ್ಲಿಂಟ್ ಊರಲ್ಲಿ ಏನಾಯ್ತು ಅಂತ ಗೊತ್ತಿರೋರು, ಯಾವ ಬೀದೀಲಿ ಯಾವ ಕಾಯಿಲೆ ಎಷ್ಟಿದೆ ಅಂತ ತೋರ್ಸೋ ಮ್ಯಾಪ್ ಯಾಕೆ ಅಂತ ಕೇಳಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಊರು ಅದು, ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ದುಡ್ಡು ಉಳಿಸೋಕೆ ಅಂತ 2014ರ ಏಪ್ರಿಲ್‌ನಲ್ಲಿ ಡೆಟ್ರಾಯ್ಟ್‌ನಿಂದ ಬರ್ತಿದ್ದ ನೀರು ನಿಲ್ಸಿ ಫ್ಲಿಂಟ್ ಹೊಳೆ ನೀರು ಬಿಟ್ರು, ಪೈಪ್ ಸವೀದೇ ಇರೋ ಹಾಗೆ ಹಾಕ್ಬೇಕಾದ ಕೆಮಿಕಲ್ ಹಾಕ್ಲೇ ಇಲ್ಲ, ಹಳೇ ಪೈಪಿನ ಸೀಸ ಸೀದಾ ನಲ್ಲೀಲಿ ಬಂತು. ಕಂದು ಬಣ್ಣದ ನೀರು ಬಾಟ್ಲೀಲಿ ತುಂಬ್ಕೊಂಡು ಹೋಗಿ ತೋರ್ಸಿದ್ರೂ ಅಧಿಕಾರಿಗಳು ಏನೂ ಆಗಿಲ್ಲ ಅಂತಿದ್ರು.

ಯಾಕಂದ್ರೆ ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಇದೆ ಅನ್ನೋ ಅವರ ಲೆಕ್ಕ ಇದ್ದಿದ್ದು ಜಿಪ್ ಕೋಡ್ ಮೇಲೆ, ನಮ್ಮ ಪಿನ್ ಕೋಡ್ ಥರ. ಫ್ಲಿಂಟ್ ಜಿಪ್ ಕೋಡ್ ಇರೋ ಮನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಊರಿನ ಗಡಿ ಆಚೆ, ಆ ನೀರು ಕುಡೀದೇ ಇರೋ ಮನೆಗಳು! ಆ ಮಕ್ಕಳನ್ನೂ ಸೇರ್ಸಿ ಸರಾಸರಿ ತೆಗೆದ್ರೆ ವಿಷ ಎಲ್ಲಿ ಕಾಣ್ಬೇಕು? ಮಕ್ಕಳ ಡಾಕ್ಟರ್ ಮೋನಾ ಹನ್ನಾ-ಅಟೀಶಾ, ಭೂಗೋಳಶಾಸ್ತ್ರದ ರಿಕ್ ಸ್ಯಾಡ್ಲರ್ ಸೇರಿ ಒಂದೊಂದೇ ಮಗುವಿನ ಅಡ್ರೆಸ್ ಮ್ಯಾಪ್ ಮೇಲೆ ಗುರ್ತು ಮಾಡಿದ್ರು. ಆಮೇಲೆ ಪ್ರಕಟವಾದ ಲೆಕ್ಕದ ಪ್ರಕಾರ ರಕ್ತದಲ್ಲಿ ಸೀಸ ಜಾಸ್ತಿ ಇದ್ದ ಐದು ವರ್ಷದೊಳಗಿನ ಮಕ್ಕಳು 2.4%ನಿಂದ 4.9% ಆಗಿದ್ರು, ನೀರು ತೀರಾ ಕೆಟ್ಟಿದ್ದ ವಾರ್ಡುಗಳಲ್ಲಿ 4ರಿಂದ 10.6%. 2015ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ಇದನ್ನ ಎಲ್ಲರ ಮುಂದೆ ಇಟ್ರು, ಅಕ್ಟೋಬರ್‌ನಲ್ಲಿ ಡೆಟ್ರಾಯ್ಟ್ ನೀರು ವಾಪಸ್ ಬಂತು. ಜನ ಒಂದು ವರ್ಷ ಕೂಗಿದ್ರೂ ಕೇಳ್ಸದೇ ಇದ್ದೋರಿಗೆ ಮ್ಯಾಪ್ ಕೇಳ್ಸ್ತು.

ವಿರೋಧ

ಸರಿ, ಆದ್ರೆ ಕಪ್ಪು ಜನ ಇರೋ ಏರಿಯಾಗಳಿಗೆ ಮ್ಯಾಪ್ ಮೇಲೆ ಮೊದಲು ಕೆಂಪು ಬಳಿದಿದ್ದು ಯಾರು? 1930ರ ದಶಕದಲ್ಲಿ ಅಮೆರಿಕ ಸರ್ಕಾರದ್ದೇ ಗೃಹಸಾಲದ ಸಂಸ್ಥೆಯೊಂದು 200ಕ್ಕೂ ಹೆಚ್ಚು ಊರುಗಳ ಮ್ಯಾಪ್ ಮಾಡ್ಸ್ತು, ಒಳ್ಳೇ ಏರಿಯಾ ಹಸಿರು, ಸಾಲಕ್ಕೆ ಅಪಾಯ ಅನ್ನೋದು ಕೆಂಪು. ಅದರ ಜೊತೆಗಿದ್ದ ಫಾರ್ಮ್ ನೋಡಿದ್ರೆ ಹೊಟ್ಟೆ ಉರಿಯುತ್ತೆ: 'ನೀಗ್ರೋ' ಇದ್ದಾರಾ, ಎಷ್ಟು ಪರ್ಸೆಂಟ್ ಅಂತ ಒಂದು ಜಾಗ, ಯಾರು 'ನುಸುಳ್ತಾ' ಇದ್ದಾರೆ ಅಂತ ಇನ್ನೊಂದು. ಮನುಷ್ಯರು ಬಾಡಿಗೆ ಮನೆಗೆ ಬರೋದನ್ನ ಗೆದ್ದಲು ಬಂದ ಹಾಗೆ ಬರ್ಕೊಂಡಿದ್ರು. ಈಗ ಆಸ್ತಮಾ, ಬಿಪಿ, ಶುಗರ್ ಮ್ಯಾಪ್ ಹಾಕಿದ್ರೆ ಎಷ್ಟೋ ಊರಲ್ಲಿ ಅದೇ ಬೀದಿಗಳು ಮತ್ತೆ ಕೆಂಪಾಗ್ತವೆ. ಮನೆ ಕೊಳ್ಳೋರು, ಅಂಗಡಿ ಹಾಕೋರು, ಇನ್ಶೂರೆನ್ಸ್‌ನೋರು ಆ ಕೆಂಪು ನೋಡಿ ಇನ್ನೂ ದೂರ ಹೋದ್ರೆ ಅಲ್ಲಿರೋ ಅಜ್ಜಿಗೆ ಏನು ಲಾಭ? ಚಿಕ್ಕ ಬೀದೀಲಿ ನಾಲ್ಕು ಚುಕ್ಕಿ ಇದ್ರೆ ಯಾರ ಮನೆ ಅಂತ ಅಕ್ಕಪಕ್ಕದವ್ರಿಗೆ ಗೊತ್ತಾಗೇ ಆಗುತ್ತೆ. ಆ ಚುಕ್ಕಿ ಇಡೋ ಮುಂಚೆ ಅವರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?

ಫ್ಲಿಂಟ್ ಮ್ಯಾಪ್ ಗೆದ್ದಿದ್ದೂ ಅರ್ಧ ಮಾತ್ರ. ನೀರು ಬದಲಾಯ್ತು, ಪೈಪ್ ಬದಲಾಗ್ಲಿಲ್ಲ. ಜನ ಕೋರ್ಟಿಗೆ ಹೋಗ್ಬೇಕಾಯ್ತು, 2017ರಲ್ಲಿ ಆದ ಒಪ್ಪಂದದ ಪ್ರಕಾರ 2020ಕ್ಕೆ ಮುಗೀಬೇಕಿದ್ದ ಕೆಲಸ 2025ರವರೆಗೂ ಎಳೀತು. ಮ್ಯಾಪ್ ಬಂದಾಗ ಎರಡು ವರ್ಷದ ಮಗು ಆಗಿದ್ದೋರು ಅಷ್ಟೊತ್ತಿಗೆ ಹನ್ನೆರಡು ವರ್ಷದೋರಾಗಿದ್ರು, ಸೀಸ ಮೆದುಳಿಗೆ ಮಾಡಿದ ಹಾನೀನ ಯಾವ ಹೊಸ ಪೈಪೂ ವಾಪಸ್ ಸರಿ ಮಾಡಲ್ಲ.