ತಕ್ಕಡಿಯ ಪಾಸ್‌ವರ್ಡ್ ಏನು?

ಬೆಳಿಗ್ಗೆ ಆರೂಕಾಲು. ಕೋಲಾರದ ಕಡೆಯ ಯಾವ ಹಳ್ಳಿಯ ಹಾಲಿನ ಡೈರಿಯಾದರೂ ಸರಿ, ಕ್ಯೂ ರಸ್ತೆಗೆ ಬಂದಿರುತ್ತದೆ. ತಕ್ಕಡಿಯ ಕೆಂಪು ಅಂಕಿ 12.40 ಅನ್ನುತ್ತಿದೆ. ಪಕ್ಕದ ಕಂಪ್ಯೂಟರ್ 1.0 ಅನ್ನುತ್ತಿದೆ. "ಮಿಕ್ಕ ಹಾಲೆಲ್ಲ ವೈರಲ್ಲಿ ಸೋರೋಯ್ತೇನಪ್ಪಾ?" ಅಂತ ಹಿಂದಿನಿಂದ ಒಂದು ದನಿ.

ತಮಾಷೆಗೆ ಅಂದರೂ ಆಗಿರುವುದು ಅದೇ. ತಕ್ಕಡಿಯ ವೈರು ಕಂಪ್ಯೂಟರಿಗೆ ಸೇರುವ ಕಿಂಡಿಯ ಹೆಸರು ಸೀರಿಯಲ್ ಪೋರ್ಟ್. ಅಲ್ಲಿಗೆ ಬರುವ ಪ್ರತಿ ಅಕ್ಷರವೂ ಒಂದು ಪ್ರೋಗ್ರಾಮಿಗೆ ಮಾತ್ರ ಸಿಗುತ್ತದೆ. ಇಬ್ಬರು ಬಾಯಿ ತೆರೆದು ಕೂತರೆ ಯಾರ ಬಾಯಿಗೆ ಬಿದ್ದದ್ದು ಅವರಿಗೆ. ಬಿಲ್ಲಿಂಗ್ ಪ್ರೋಗ್ರಾಮಿಗೆ 1, ಚುಕ್ಕಿ, 0 ದಕ್ಕಿದರೆ 2 ಮತ್ತು 4 ಇನ್ಯಾರದೋ ಹೊಟ್ಟೆಗೆ. ವಿಂಡೋಸ್ ಆಗಿದ್ದರೆ ಸಾಮಾನ್ಯವಾಗಿ ಎರಡನೆಯವನಿಗೆ 'ಆಕ್ಸೆಸ್ ಡಿನೈಡ್' ಅಂತ ಬಾಗಿಲಲ್ಲೇ ಹೇಳಿ ಕಳಿಸುತ್ತಿತ್ತು. ಈ ಕಂಪ್ಯೂಟರಿನಲ್ಲಿರುವ ಲಿನಕ್ಸ್ ದೊಡ್ಡ ಮನಸ್ಸಿನದು. ಬನ್ನಿ ಬನ್ನಿ, ನೀವೂ ಕೂತ್ಕೊಳ್ಳಿ.

'ಈ ಪೋರ್ಟ್ ನನ್ನದು' ಅಂತ ಗುರುತಿಡುವ ಲಾಕ್ ಫೈಲ್ ಇದೆಯಲ್ಲ ಅನ್ನಬಹುದು. ಇದೆ. ಕೋಲಾರ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಾರಲ್ಲ, ಅದಕ್ಕಿರುವಷ್ಟೇ ಬೆಲೆ ಇದಕ್ಕೂ. /ವಾರ್/ಲಾಕ್ ಫೋಲ್ಡರಿನಲ್ಲಿ 'ಎಲ್‌ಸಿಕೆ..ಟಿಟಿವೈಎಸ್0' ಎಂಬ ಫೈಲು (ಟಿಟಿವೈಎಸ್0 ಅಂದರೆ ಮೊದಲ ಸೀರಿಯಲ್ ಪೋರ್ಟಿಗೆ ಲಿನಕ್ಸ್ ಇಟ್ಟ ಹೆಸರು), ಒಳಗೆ ಸೀಟು ಹಿಡಿದವನ ಪ್ರೋಸೆಸ್ ನಂಬರು, ಅಂದರೆ ಓಡುತ್ತಿರುವ ಪ್ರೋಗ್ರಾಮಿನ ಗುರುತಿನ ಸಂಖ್ಯೆ. ಮರ್ಯಾದಸ್ಥ ಪ್ರೋಗ್ರಾಮು ನೋಡಿ ಹಿಂದೆ ಸರಿಯುತ್ತದೆ, ಮಿಕ್ಕವು ಟವೆಲಿನ ಮೇಲೇ ಕೂರುತ್ತವೆ. ಇನ್ನೊಂದು ಕಾಟ: ಟವೆಲಿನ ಯಜಮಾನ ನರಸಾಪುರದಲ್ಲೇ ಇಳಿದಿರುತ್ತಾನೆ, ಟವೆಲು ಮಾತ್ರ ಹೊಸಕೋಟೆಯವರೆಗೂ ಸೀಟು ಬಿಡುವುದಿಲ್ಲ. ಪ್ರೋಗ್ರಾಮು ನಡುವೆಯೇ ಸತ್ತು ಹೋದ ಮೇಲೆ 'ಪೋರ್ಟ್ ಬಿಜಿ' ಅಂದರೆ ಫೈಲಿನೊಳಗಿನ ನಂಬರಿಗೆ 'ಪಿಎಸ್ -ಪಿ' ಹಾಕಿ ನೋಡಿ. ಆ ನಂಬರಿನವನು ಇಲ್ಲದಿದ್ದರೆ ಟವೆಲು ತೆಗೆದು ಬಿಸಾಡಿ.

ಸರಿ, 2 ಮತ್ತು 4 ತಿಂದವನು ಯಾರು? 'ಸುಡೊ ಫ್ಯೂಸರ್ -ವಿ /ಡೆವ್/ಟಿಟಿವೈಎಸ್0' ಅಂದರೆ ಹೆಸರು ಸಿಗುತ್ತದೆ: ಅಗೆಟಿ. ಈ ಮಹಾಶಯನ ಕೆಲಸ ವೈರಿನ ಆ ತುದಿಯಲ್ಲಿ ಒಬ್ಬ ಮನುಷ್ಯ ಕೀಬೋರ್ಡ್ ಹಿಡಿದು ಕೂತಿದ್ದಾನೆ ಅಂತ ನಂಬುವುದು. 'ಟಿಟಿವೈ' ಅಂದರೆ ಟೆಲಿಟೈಪು ತಾನೆ, ದೂರದಿಂದ ವೈರಿನಲ್ಲಿ ಟೈಪ್ ಮಾಡುವ ಹಳೇ ಯಂತ್ರ, ಆ ಕಾಲದ ಗುಂಗು ಇನ್ನೂ ಇಳಿದಿಲ್ಲ. ತಕ್ಕಡಿಗೆ ಅವನು 'ಲಾಗಿನ್' ಅನ್ನುತ್ತಾನೆ. ತಕ್ಕಡಿ ಪಾಪ, ತನಗೆ ಗೊತ್ತಿರುವ ಒಂದೇ ಮಾತು ಹೇಳುತ್ತದೆ: 12.40. ಓಹೋ, ಬಂದವರ ಹೆಸರು ಹನ್ನೆರಡು ಪಾಯಿಂಟ್ ನಾಲ್ಕು ಸೊನ್ನೆ. 'ಪಾಸ್‌ವರ್ಡ್?' ತಕ್ಕಡಿ: 12.40. 'ಲಾಗಿನ್ ಇನ್‌ಕರೆಕ್ಟ್.' ಮೂರು ಸೆಕೆಂಡು ಮುನಿಸು, ಮತ್ತೆ 'ಲಾಗಿನ್'. ಅಷ್ಟರಲ್ಲಿ ಮುಂದಿನವರ ಕ್ಯಾನು ಏರಿದೆ. ಈಗ ಬಂದವರ ಹೆಸರು 8.65. ಕ್ಯೂ ಮುಗಿಯುವ ಹೊತ್ತಿಗೆ ಊರಿನ ಎಮ್ಮೆ ಹಸುಗಳೆಲ್ಲ ಒಂದೊಂದು ಸಲ ಒಳಗೆ ಬರಲು ನೋಡಿ ಹೊರಗೆ ತಳ್ಳಿಸಿಕೊಂಡಿವೆ. ಲಾಗ್ ತೆರೆದರೆ ಸಾಲುಸಾಲು 'ಫೇಲ್ಡ್ ಲಾಗಿನ್', ಹೆಸರಿನ ಜಾಗದಲ್ಲಿ 'ಅನ್‌ನೋನ್'. ಇಪ್ಪತ್ತು ವರ್ಷದಿಂದ ಹಾಲು ಹಾಕುತ್ತಿರುವವರನ್ನು ಅನ್‌ನೋನ್ ಅನ್ನಲು ಎಷ್ಟು ಧೈರ್ಯ!

ಸಿಟ್ಟಿನಲ್ಲಿ 'ಫ್ಯೂಸರ್ -ಕೆ' ಹೊಡೆಯಬೇಡಿ. ಅದು ಪೋರ್ಟ್ ಹಿಡಿದವರನ್ನೆಲ್ಲ ಕೊಲ್ಲುತ್ತದೆ. ಬಿಲ್ಲಿಂಗ್ ಸತ್ತೇ ಹೋಗುತ್ತದೆ, ಅಗೆಟಿಯನ್ನು ಲಿನಕ್ಸಿನ ಮೇಸ್ತ್ರಿಯಾದ ಸಿಸ್ಟಮ್‌ಡಿ ಆ ಕ್ಷಣವೇ ಎಬ್ಬಿಸಿ ಕೂರಿಸುತ್ತದೆ. ಬೇರು ಇರುವುದು ಬೇರೆ ಕಡೆ. ಯಾರೋ ಯಾವತ್ತೋ ರಿಪೇರಿಗೆಂದು, ಕಂಪ್ಯೂಟರ್ ಶುರುವಾಗುವಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್ ಸಾಲಿನಲ್ಲಿ 'ಕನ್ಸೋಲ್=ಟಿಟಿವೈಎಸ್0' ಬರೆದು ಮರೆತು ಹೋಗಿರುತ್ತಾರೆ. ಅದನ್ನು ಅಳಿಸಿ, 'ಅಪ್‌ಡೇಟ್-ಗ್ರಬ್' ಓಡಿಸಿ, 'ಸಿಸ್ಟಮ್‌ಸಿಟಿಎಲ್ ಮಾಸ್ಕ್ ಸೀರಿಯಲ್-ಗೆಟಿ@ಟಿಟಿವೈಎಸ್0' ಹಾಕಿ, ರೀಬೂಟ್ ಮಾಡಿ.

ಫ್ಯಾಟ್ ನೋಡುವ ಮೆಷೀನಿನ ಯುಎಸ್‌ಬಿ ವೈರಿನದು ಬೇರೆ ಪುರಾಣ. ಆ ವೈರಿನಲ್ಲಿ ಯುಎಸ್‌ಬಿಯನ್ನು ಸೀರಿಯಲ್ ಆಗಿ ಬದಲಿಸುವ ಸಿಎಚ್340 ಚಿಪ್ ಇದ್ದು, ಕಂಪ್ಯೂಟರಿನಲ್ಲಿ ಉಬುಂಟು 22.04 ಎಂಬ ಲಿನಕ್ಸ್ ಇದ್ದರೆ, ಅಂಧರ ಬ್ರೈಲ್ ಪರದೆಗೆಂದು ಇರುವ ಬಿಆರ್‌ಎಲ್‌ಟಿಟಿವೈ ಅದನ್ನು ತನ್ನದೇ ಸಾಮಾನು ಅಂದುಕೊಂಡು ಕಿತ್ತುಕೊಳ್ಳುತ್ತದೆ. ಟಿಟಿವೈಯುಎಸ್‌ಬಿ0 ಎಂಬ ಆ ವೈರಿನ ಪೋರ್ಟು ಕಂಡಂತಾಗಿ ಮಾಯ. ಡೈರಿಯಲ್ಲಿ ಬ್ರೈಲ್ ಪರದೆ ಇಲ್ಲದಿದ್ದರೆ ಆ ಪ್ಯಾಕೇಜು ತೆಗೆದುಬಿಡಿ. ಇನ್ನು ವೈರು ಕಿತ್ತು ಮತ್ತೆ ಚುಚ್ಚುವ ಚಾಳಿ. ಹಳೇ ಪ್ರೋಗ್ರಾಮು ಸೊನ್ನೆಯನ್ನು ಹಿಡಿದುಕೊಂಡೇ ಇರುವುದರಿಂದ ಹೊಸದಾಗಿ ಬಂದದ್ದು ಟಿಟಿವೈಯುಎಸ್‌ಬಿ1 ಆಗುತ್ತದೆ, ಬಿಲ್ಲಿಂಗ್ ಖಾಲಿ ಸೊನ್ನೆಯ ಮುಂದೆ ಕಾಯುತ್ತಾ ಕೂರುತ್ತದೆ. /ಡೆವ್/ಸೀರಿಯಲ್/ಬೈ-ಪಾತ್ ಒಳಗಿನ ಹೆಸರು ಕೊಟ್ಟು ಬಿಲ್ಲಿಂಗನ್ನು ಮತ್ತೆ ಶುರು ಮಾಡಿ. ಚುಚ್ಚುವ ತೂತು ಮಾತ್ರ ಬದಲಾಯಿಸಬೇಡಿ, ಗೋಡೆ ಮೇಲೆ ದೊಡ್ಡದಾಗಿ ಬರೆದರೂ ತಪ್ಪಿಲ್ಲ.

ಮುಂಚೆ ಒಂದು ಅಳತೆ ಪಾತ್ರೆ, ಒಂದು ಲ್ಯಾಕ್ಟೋಮೀಟರು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು ಇತ್ತು. ಅಂಕಿ ತಪ್ಪಾಗುತ್ತಿತ್ತು, ಜಗಳವೂ ಆಗುತ್ತಿತ್ತು. ಆದರೆ ಬರೆಯುವವನ ಮುಖ ಎದುರಿಗಿತ್ತು, ಬೈಯಲು ಒಂದು ಹೆಸರಿತ್ತು. ಅಗೆಟಿಯನ್ನು ಏನಂತ ಬೈಯುವುದು?

ಕಂಪ್ಯೂಟರ್ ಮೇಲೆದ್ದಿದೆ. ಕ್ಯಾನು ಏರಿತು. ತಕ್ಕಡಿ 12.40, ಪರದೆಯಲ್ಲೂ 12.40. ಕ್ಯೂ ಒಂದು ಹೆಜ್ಜೆ ಮುಂದೆ ಬಂತು. ಹಿಂದಿನ ದನಿ ಈಗ ಚೀಟಿ ಹಿಡಿದು ಕೇಳುತ್ತಿದೆ: "ಫ್ಯಾಟು 3.4 ಯಾಕೆ ಬಂತು?"